ಒತ್ತಿನ ಮೇಲೆ ಮೊಟ್ಟೆತಲೆ

ಜೂನ್ ೧, ಭಾನುವಾರ

ಅಣ್ಣನ ಎರಡೂ ಕೈಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ್ದಾರೆ. ಅವನು ಕೆಲಸ ಮಾಡುವ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಯಾರೋ ನೆಲ ತೊಳೆದಿದ್ದರಂತೆ. ಜಾರಿದ, ಬೀಳುವಾಗ ಎರಡೂ ಕೈ ಊರಿದ, ಎರಡೂ ಮಣಿಕಟ್ಟು ಮುರಿಯಿತು. ಈಗ ಬೆರಳ ತುದಿಗಳು ಮಾತ್ರ ಹೊರಗೆ ಕಾಣುತ್ತವೆ. ಅಮ್ಮ ಬಾಯಿಗೆ ತುತ್ತು ಇಡುತ್ತಾಳೆ. "ಇಷ್ಟು ದೊಡ್ಡ ಕೋಣನಿಗೆ ಕಾಗೆ ಗುಬ್ಬಿ ತೋರಿಸಿ ಉಣಿಸೋ ಹಾಗಾಯ್ತಲ್ಲ" ಎನ್ನುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ.

ಅವನಿಗೆ ಊಟದ ಚಿಂತೆಯಿಲ್ಲ, ಆಟದ ಚಿಂತೆ. ಅವನ ಹತ್ತಿರ ಟಿವಿಗೆ ಸಿಕ್ಕಿಸುವ ಹಳೆಯ ಕಂಪ್ಯೂಟರ್ ಒಂದಿದೆ. ಗುಂಡಿಗಳು ರಬ್ಬರಿನವು. ಆಟಗಳು ಕ್ಯಾಸೆಟ್ಟಿನಿಂದ ಕಿರ್ರೆನ್ನುತ್ತ ಒಳಗೆ ಹೋಗುತ್ತವೆ. ಇಂಥ ಯಂತ್ರಗಳ ಹುಚ್ಚು ಹಿಡಿದವರ ಬಳಗವೂ ಇದೆ. ಜುಲೈ ಕೊನೆಯ ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಅವರ ಪ್ರದರ್ಶನ. ಹಳೆಯ ಯಂತ್ರಕ್ಕೆ ಮನೆಯಲ್ಲೇ ಮಾಡಿದ ಹೊಸ ಆಟಗಳನ್ನು ಎಲ್ಲರೂ ಬಂದು ಆಡಿ ನೋಡುತ್ತಾರೆ. ಅಣ್ಣ ಹೆಸರು ಕೊಟ್ಟಾಗಿದೆ. ಅಣ್ಣನ ಆಟ ಅರ್ಧವೇ ಆಗಿದೆ.

"ನಾನು ಹೇಳ್ತೀನಿ, ನೀನು ಗುಂಡಿ ಒತ್ತು" ಅಂದ.

"ನನಗೆ ಅದೆಲ್ಲ ಬರಲ್ಲ."

"ಏನು ಬರಬೇಕು? ಐದು ಕ್ಲಾಸು ಓದಿದ್ದು ಸುಮ್ಮನೇನಾ? ಅಕ್ಷರ ಗೊತ್ತಿದ್ರೆ ಸಾಕು."

ಐದಾದ ಮೇಲೆ ಶಾಲೆಗೆ ಹೋಗುವುದಿಲ್ಲ ಎಂದು ನಾನೇ ಹಟ ಹಿಡಿದಿದ್ದೆ. ತರಗತಿಯಲ್ಲಿ ಎದ್ದು ನಿಂತು ಓದಬೇಕೆಂದರೆ ನನಗೆ ಜ್ವರ ಬರುತ್ತಿತ್ತು. ಕುಳಿತುಕೊಂಡು ಒತ್ತುವುದಾದರೆ ಆಗಬಹುದು.

ಜೂನ್ ೪, ಬುಧವಾರ

ನಾನು ಕೆಲಸ ಮಾಡುವ ಇಸ್ತ್ರಿ ಅಂಗಡಿಯಿಂದ ಬಂದ ಮೇಲೆ ಟೈಪ್ ಮಾಡಿದೆ. ಅಣ್ಣ ಒಂದೊಂದೇ ಅಕ್ಷರ ಹೇಳುತ್ತಾನೆ, ನಾನು ಹುಡುಕಿ ಒತ್ತುತ್ತೇನೆ. ಕೋಳಿ ಕಾಳು ಹೆಕ್ಕಿದ ಹಾಗೆ. ಅವನು ಸೊನ್ನೆ ಅಂದಲ್ಲೆಲ್ಲ ನಾನು ಇಂಗ್ಲಿಷಿನ ಓ ಒತ್ತಿದ್ದೆ, ಎರಡೂ ಗುಂಡಗೇ ಇವೆಯಲ್ಲ. ಯಂತ್ರ ಒಂದು ಸಾಲನ್ನೂ ಒಪ್ಪಲಿಲ್ಲ. ತಪ್ಪು ಸಿಗುವ ಹೊತ್ತಿಗೆ ಅಣ್ಣನ ಗಂಟಲು ಕಟ್ಟಿತ್ತು. ಪ್ಲಾಸ್ಟರಿನಿಂದ ನನ್ನ ತಲೆಗೆ ಮೊಟಕಲು ಬಂದ, ಅವನಿಗೇ ನೋವಾಯಿತು.

ಅಣ್ಣನ ಆಟದಲ್ಲಿ ಒಬ್ಬ ಪುಟ್ಟ ಮನುಷ್ಯ ಇದ್ದಾನೆ. ತಲೆ ಮೊಟ್ಟೆಯ ಹಾಗಿದೆ. ಅದಕ್ಕೆ ಮೊಟ್ಟೆತಲೆ ಎಂದೇ ಕರೆಯುತ್ತೇವೆ. ಕೋಣೆಯಿಂದ ಕೋಣೆಗೆ ಹೋಗಬೇಕು, ಹಾರಬೇಕು, ಪೆಟ್ಟಿಗೆಗಳನ್ನು ಒದ್ದು, ತಳ್ಳಿ, ಏರಿ ಬಾಗಿಲು ಮುಟ್ಟಬೇಕು. ತಪ್ಪು ಕಡೆ ತಳ್ಳಿದರೆ ಸಿಕ್ಕಿಕೊಂಡ ಹಾಗೇ.

ಜೂನ್ ೮, ಭಾನುವಾರ

ಇವತ್ತು ಒಂದು ತಪ್ಪು ಮಾಡಿದೆ.

ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಅಣ್ಣ ಒಂದೊಂದು ಅಕ್ಷರವನ್ನೂ ಚುಕ್ಕಿಗಳಲ್ಲಿ ಬರೆದು ಒಂದೊಂದು ಚೌಕದಲ್ಲಿ ಕೂರಿಸಿದ್ದಾನೆ. ಒತ್ತಕ್ಷರಕ್ಕೆ ಬೇರೆಯೇ ಚೌಕ. ಅದು ತನ್ನ ಅಕ್ಷರದ ಕೆಳಗೆ, ಸ್ವಲ್ಪ ಬಲಕ್ಕೆ ಕೂರುತ್ತದೆ. ಅದಕ್ಕೆ ಜಾಗ ಬಿಡಲು ಮುಂದಿನ ಅಕ್ಷರ ಒಂದು ಚೌಕ ಆಚೆ ಸರಿಯುತ್ತದೆ.

"ಮೇಲಿನ ಸಾಲಲ್ಲಿ 'ಮೆಟ್ಟಿಲು ಹುಡುಕು' ಅಂತ ಹಾಕು" ಅಂದ ಅಣ್ಣ. ಪರದೆಯ ತುದಿಯ ಸಾಲು ಎಂದು ಅವನ ಅರ್ಥ. ನಾನು ಕೋಣೆಯ ಒಳಗಿನ ಮೇಲಿನ ಸಾಲಿಗೆ ಹಾಕಿದೆ. ಆಡಿಸಿ ನೋಡಿದಾಗ ಮೊಟ್ಟೆತಲೆ ಕಪಾಟಿನ ಮೇಲಿಂದ ಹಾರಿದವನು ಕೆಳಗೆ ಬರಲೇ ಇಲ್ಲ. ಮೆಟ್ಟಿಲು ಎಂಬ ಪದದ ಟಾವತ್ತಿನ ಮೇಲೆ ಕಾಲೂರಿ ನಿಂತುಬಿಟ್ಟಿದ್ದ.

ಖಾಲಿ ಅಲ್ಲದ ಚೌಕವೆಲ್ಲ ನೆಲ ಎಂದು ಅಣ್ಣನೇ ಬರೆಸಿದ್ದಾನೆ. ಯಂತ್ರಕ್ಕೆ ಇಟ್ಟಿಗೆಯೂ ಒಂದೇ, ಒತ್ತೂ ಒಂದೇ.

"ಅಳಿಸು, ಅಳಿಸು" ಅಂತ ಕೂಗಿದ. ನನಗೆ ನಗು ತಡೆಯಲಾಗಲಿಲ್ಲ. ಮೆಟ್ಟಿಲು ಹುಡುಕು ಎಂದರೆ ಆ ಪದದಲ್ಲೇ ಮೆಟ್ಟಿಲು ಹುಡುಕಿಕೊಂಡಿದ್ದಾನೆ!

ಅಳಿಸಿದೆ. ಅಳಿಸುವ ಮುಂಚೆ ಕ್ಯಾಸೆಟ್ಟಿನ ಬಿ ಬದಿಯಲ್ಲಿ ಒಂದು ಪ್ರತಿ ತುಂಬಿಟ್ಟೆ. ಯಾಕೆಂದು ಗೊತ್ತಿಲ್ಲ.

ಜೂನ್ ೧೨, ಗುರುವಾರ

ಅಂಗಡಿಯಲ್ಲಿ ಯಜಮಾನಿ ಊಟಕ್ಕೆ ಹೋದಾಗ ಗಿರಾಕಿ ಬಂದರು. ನಾನು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಕರೆದರು, ಕರೆದರು, ಹೋದರು. ಒಂದು ಅಂಗಿ ಸ್ವಲ್ಪ ಕಂದಿತು.

ಜೂನ್ ೧೫, ಭಾನುವಾರ

ಡಾಕ್ಟರು ಅಣ್ಣನ ಬೆರಳ ತುದಿಗಳನ್ನು ಸೂಜಿಯಿಂದ ಮುಟ್ಟಿ ನೋಡಿದರು. ಬಲಗೈಯ ಎರಡು ಬೆರಳಿಗೆ ಏನೂ ತಿಳಿಯಲಿಲ್ಲ. ನರಕ್ಕೆ ಪೆಟ್ಟಾಗಿದೆ, ಸ್ಪರ್ಶ ಬಂದರೂ ಬರಬಹುದು, ಕಾಯಬೇಕು ಅಂದರು. ಮೊಬೈಲಿನ ಒಳಗಿನ ಸ್ಕ್ರೂ ಸಾಸಿವೆಗಿಂತ ಸಣ್ಣದಿರುತ್ತದೆ. ಅದನ್ನು ಹಿಡಿಯುವ ಬೆರಳುಗಳೇ ಅವು.

ಮನೆಗೆ ಬಂದು ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಸಂಜೆ ನಾನು ಯಂತ್ರ ಹಚ್ಚಿ, "ಹೇಳು, ಎಲ್ಲಿಗೆ ನಿಲ್ಲಿಸಿದ್ವಿ?" ಅಂದೆ.

"ಕೈಬಿಡು."

"ಏನನ್ನ?"

"ಆಟಾನ. ಕೈ ಇಲ್ಲದೋನು ಇನ್ನೇನು ಬಿಡೋಕಾಗುತ್ತೆ?"

ಜೂನ್ ೧೭, ಮಂಗಳವಾರ

ಇವತ್ತೂ ಗೋಡೆ.

ಅಣ್ಣ ಹೇಳಿಕೊಡದಿದ್ದರೆ ನನಗೆ ಏನೂ ತಿಳಿಯುವುದಿಲ್ಲ. ಬರೆಸಿದ್ದನ್ನು ಒತ್ತಿದ್ದೇನೆಯೇ ಹೊರತು ಓದಿಲ್ಲ. ಅದಕ್ಕೇ ಒಂದು ಸಾಲು ಅಳಿಸಿ ಆಟ ಆಡಿಸಿ ನೋಡಿದೆ. ಮೊಟ್ಟೆತಲೆ ಹಾರಿದವನು ಚಾವಣಿ ದಾಟಿ ಹೋದ. ಹಾಗಾದರೆ ಅವನನ್ನು ಕೆಳಗೆ ಎಳೆಯುವ ಸಾಲು ಅದೇ. ಮತ್ತೆ ಬರೆದು, ಇನ್ನೊಂದು ಅಳಿಸಿದೆ. ಪೆಟ್ಟಿಗೆಗಳು ಕಲ್ಲಾದವು, ಅಲುಗಲೇ ಇಲ್ಲ. ಏನು ಕೆಟ್ಟಿತೋ ಅದೇ ಆ ಸಾಲಿನ ಕೆಲಸ. ಹೀಗೆ ನೋಡುತ್ತ ಹೋದರೆ ಆಯಿತು.

ಜೂನ್ ೨೧, ಶನಿವಾರ

ಅಮ್ಮ ದಿನಸಿ ಅಂಗಡಿಗೆ ಹೊರಟವಳು ನಾನು ಬರೆದುಕೊಟ್ಟ ಚೀಟಿ ಹಿಡಿದು ಬಾಗಿಲಲ್ಲೇ ನಿಂತಳು.

"ಏನೇ ಇದು, ಬೆಣೆ?"

"ಬೆಣ್ಣೆ."

"ಬೆಣೆ ಅಂತ ಬರೆದಿದ್ದೀಯ. ಬಡಗಿ ಹತ್ರ ಹೋಗ್ಲಾ? ಬ್ರೆಡ್ಡಿಗೆ ಬೆಣೆ ಹೊಡ್ಕೊಂಡು ತಿಂತೀಯಾ?"

ಗೋಡೆಯ ಕಡೆಯಿಂದ "ಹಲ್ಲು ಗಟ್ಟಿ ಇದ್ರೆ ತಿನ್ಲಿ" ಎಂದು ಕೇಳಿಸಿತು. ಒಂದು ವಾರದಲ್ಲಿ ಅವನು ಆಡಿದ ಮೊದಲ ಮಾತು. ಅಮ್ಮ ನಗುತ್ತ ಹೋದಳು.

ಒಂದು ಣಾವತ್ತು ಬಿದ್ದುಹೋದರೆ ಬೆಣ್ಣೆ ಬೆಣೆಯಾಗುತ್ತದೆ. ಬೆಣ್ಣೆ ಕಾಲು ಜಾರಿಸುತ್ತದೆ, ಬೆಣೆ ಬಾಗಿಲನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ.

ಇಸ್ತ್ರಿ ಮಾಡುವಾಗಲೆಲ್ಲ ಇದೇ ತಲೆಯಲ್ಲಿ ಓಡಿತು. ಕತ್ತೆ, ಕತೆ. ಇಲ್ಲಿ, ಇಲಿ. ಕಡ್ಡಿ, ಕಡಿ. ಸುತ್ತ, ಸುತ. ಯಜಮಾನಿ ಬಂದು "ಯಾರಿಗೆ ಕಡಿ ಅಂತಿದ್ದೀಯೇ?" ಎಂದು ಕೇಳಿದರು.

ಜೂನ್ ೨೨, ಭಾನುವಾರ

ಬೆಳಿಗ್ಗೆಯಿಂದ ಯಂತ್ರದ ಮುಂದಿನಿಂದ ನಾನು ಎದ್ದಿಲ್ಲ. ಬಿ ಬದಿಯ ಪ್ರತಿ ತೆಗೆದುಕೊಂಡು ಪದಗಳನ್ನು ಕೋಣೆಯ ಒಳಗೇ ಇಟ್ಟೆ. ಅಣ್ಣನ ಪೆಟ್ಟಿಗೆಗಳ ಚಿತ್ರ ತೆಗೆದು ಆ ಜಾಗಕ್ಕೆ ಒತ್ತುಗಳನ್ನು ಹಾಕಿದೆ. ಪೆಟ್ಟಿಗೆಯನ್ನು ಒದೆಯಬಹುದಾದರೆ ಒತ್ತನ್ನೂ ಒದೆಯಬಹುದು. ಒದ್ದರೆ ಕಳಚಿ ಬೀಳುತ್ತದೆ, ತಳ್ಳಿದರೆ ಸರಿಯುತ್ತದೆ, ಇನ್ನೊಂದು ಪದದ ಕೆಳಗೆ ಸೇರಿಸಿದರೆ ಅಂಟಿಕೊಳ್ಳುತ್ತದೆ. ಪದ ಬದಲಾದರೆ ಕೋಣೆಯಲ್ಲಿ ಆ ವಸ್ತುವೂ ಬದಲಾಗುತ್ತದೆ.

ಒತ್ತು ಹೋಗಿ ಉಳಿದದ್ದು ಪದವೇ ಅಲ್ಲದಿದ್ದರೆ? ಹಣ್ಣು ಹಣು ಆದರೆ? ಪುಡಿಯಾಗಿ ಉದುರಲಿ. ಮೇಲೆ ನಿಂತಿದ್ದರೆ ಮೊಟ್ಟೆತಲೆಯೂ ಬೀಳಲಿ, ಕೋಣೆಯನ್ನು ಮೊದಲಿನಿಂದ ಆಡಲಿ. ಅರ್ಥವಿಲ್ಲದ್ದರ ಮೇಲೆ ಎಷ್ಟು ಹೊತ್ತು ನಿಲ್ಲಲು ಸಾಧ್ಯ?

ಬೆಣ್ಣೆಯ ಕೋಣೆ ಸಂಜೆಗೆ ಆಡಿತು. ಮೊಟ್ಟೆತಲೆ ಜಾರಿದ, ಜಾರಿದ, ಣಾವತ್ತನ್ನು ಒದ್ದ, ಬೆಣೆ ಬಾಗಿಲಿಗೆ ಬಡಿಯಿತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಅಮ್ಮನನ್ನು ಕರೆದೆ. "ಚೆನ್ನಾಗಿದೆ, ಊಟ ಮಾಡು" ಅಂದಳು.

ಜೂನ್ ೨೯, ಭಾನುವಾರ

ಹಳ್ಳಿಯ ಕೋಣೆ ಆಯಿತು. ಹಳ್ಳಿಯ ಳಾವತ್ತನ್ನು ಒದ್ದರೆ ಹಳಿಯಾಗುತ್ತದೆ, ಹಳಿಯ ಮೇಲೆ ಬಂಡಿ ಬರುತ್ತದೆ. ಯಾರೇ ಆಡಿದರೂ ಮೊದಲು ಬಂಡಿ ಹತ್ತುತ್ತಾರೆ, ಗೋಡೆಗೆ ಗುದ್ದಿಕೊಳ್ಳುತ್ತಾರೆ. ಹತ್ತಬಾರದು. ಆ ಳಾವತ್ತನ್ನೇ ತಳ್ಳಿಕೊಂಡು ಹೋಗಿ 'ಬಳಿ' ಎಂಬ ಪದಕ್ಕೆ ಸೇರಿಸಬೇಕು. ಆಗ ಬಳ್ಳಿ ಹುಟ್ಟುತ್ತದೆ. ಅದನ್ನು ಹಿಡಿದು ಏರಬೇಕು.

ಅಂಗಡಿಯಲ್ಲಿ ಯಜಮಾನಿಗೆ ಸೊಂಟ ನೋವು. ಮೂರು ದಿನದಿಂದ ನಾನೇ ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ. ಬಟ್ಟೆ ಕಟ್ಟುವ ಕಾಗದದ ಮೇಲೆ ಕೋಣೆಗಳನ್ನು ಬರೆಯಲು ಅನುಕೂಲ.

ಜುಲೈ ೫, ಶನಿವಾರ

ಅಣ್ಣ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಏನಿದು?"

"ಆಟ."

"ನನ್ನ ಪೆಟ್ಟಿಗೆಗಳೆಲ್ಲಿ?"

"ಒತ್ತಾದವು."

"ಲೇ, ಕೈ ಮುರಿದಿದೆ, ಸತ್ತಿಲ್ಲ ನಾನು! ಕೇಳದೆ ಕಾಗುಣಿತದ ಪಾಠ ಮಾಡಿಟ್ಟಿದ್ದೀಯ. ಬಳಗದವರು ಬಿದ್ದು ಬಿದ್ದು ನಗ್ತಾರೆ. ಪ್ರದರ್ಶನದಲ್ಲಿ ಇಡೋದು ನನ್ನ ಆಟ, ನಾನು ಹೇಳಿದ ಹಾಗೆ."

ಅಮ್ಮ ಒಳಗಿನಿಂದ, "ಅವಳು ಮಾಡುವಾಗ ಗೋಡೆ ಎಣಿಸ್ತಾ ಬಿದ್ದಿದ್ದೆ. ಈಗ ಬಂದ ನೋಡು ಮಹಾರಾಯ" ಅಂದಳು.

"ನೀನು ಸುಮ್ನಿರಮ್ಮ. ಇವಳು ನನ್ನ ಆಟಾನ ಹಾಳು ಮಾಡಿದ್ದಾಳೆ."

ನಾನು ಹೇಳಿದೆ: "ನಿನ್ನ ಆಟ ಎ ಬದಿಯಲ್ಲಿ ಹಾಗೇ ಇದೆ. ಒಂದು ಚುಕ್ಕಿ ಮುಟ್ಟಿಲ್ಲ. ನೀನು ಹೇಳು, ನಾಳೆಯಿಂದ ಟೈಪ್ ಮಾಡಿಕೊಡ್ತೀನಿ. ಬಿ ಬದಿಯದನ್ನ ಮಾತ್ರ ಅಳಿಸಲ್ಲ."

"ನನ್ನ ಹೆಸರಲ್ಲಿ ಅದು ಹೋಗಲ್ಲ."

"ಬೇಡ."

ಒಬ್ಬರ ಹೆಸರಿಗೆ ಒಂದೇ ಆಟ ಎಂಬ ನಿಯಮವಿದೆ. ಹಾಗಾದರೆ ನನ್ನ ಆಟಕ್ಕೆ ನನ್ನ ಹೆಸರನ್ನೇ ಕೊಡಬೇಕು.

ಜುಲೈ ೭, ಸೋಮವಾರ

ಬಳಗದ ಹಿರಿಯರಿಗೆ ಫೋನ್ ಮಾಡಿದೆ. ಎಲ್ಲರೂ ಅವರನ್ನು ಕನ್ನಡಕ ಎನ್ನುತ್ತಾರೆ, ಎದುರಿಗೇ. ಏನು ಹೇಳಬೇಕೆಂದು ಬೆಳಿಗ್ಗೆಯಿಂದ ಇಸ್ತ್ರಿ ಮಾಡುವ ಅಂಗಿಗಳಿಗೆಲ್ಲ ಹೇಳಿ ನೋಡಿದ್ದೆ. ಅಂಗಿಗಳು ಪ್ರಶ್ನೆ ಕೇಳುವುದಿಲ್ಲ. ಇವರು ಕೇಳಿದರು.

"ಆಟದ ಹೆಸರೇನಮ್ಮ?"

ಹೆಸರು ಇಟ್ಟಿರಲಿಲ್ಲ. ಬಾಯಿಗೆ ಬಂದದ್ದು, "ಒತ್ತು."

"ಏನನ್ನ ಒತ್ತಲಿ?"

"ಅಲ್ಲ, ಒತ್ತು."

"ಒತ್ತಿದೆ ಕಣಮ್ಮ, ಒಂದು ಒತ್ತಿದೆ, ಸೊನ್ನೆ ಒತ್ತಿದೆ. ಏನೂ ಆಗ್ತಾ ಇಲ್ಲ!"

ನಕ್ಕುಬಿಟ್ಟೆ. ಅವರಿಗೆ ಆಮೇಲೆ ಹೊಳೆಯಿತು, ಅವರೂ ನಕ್ಕರು. ಮೂಲೆಯ ಮೇಜು ಖಾಲಿ ಇದೆ, ಮಾಡಿದವರು ಪಕ್ಕದಲ್ಲೇ ನಿಂತಿರಬೇಕು ಅಂದರು. ನಿಂತಿರುತ್ತೇನೆ ಅಂದೆ.

ಜುಲೈ ೧೦, ಗುರುವಾರ

ಅಣ್ಣ ನನ್ನೊಡನೆ ಮಾತಾಡುವುದಿಲ್ಲ. ಅಮ್ಮನ ಕೈಯಲ್ಲಿ ಹೇಳಿಸುತ್ತಾನೆ: "ಅವಳಿಗೆ ಹೇಳು, ಟಿವಿ ಸದ್ದು ಕಡಿಮೆ ಮಾಡಲಿ." ಅಮ್ಮ ಹೇಳುತ್ತಾಳೆ: "ನೀವಿಬ್ರೂ ಸೇರಿ ನನ್ನ ಅಂಚೆಯವಳನ್ನ ಮಾಡಿದ್ರಿ." ಟೈಪ್ ಮಾಡಲೇ ಎಂದು ದಿನಾ ಕೇಳುತ್ತೇನೆ. ಗೋಡೆಯ ಕಡೆ ತಿರುಗುತ್ತಾನೆ. ಕತ್ತೆಯ ಕೋಣೆ ಇನ್ನೂ ಸರಿಹೋಗಿಲ್ಲ.

ಜುಲೈ ೧೩, ಭಾನುವಾರ

ಪ್ಲಾಸ್ಟರ್ ಬಿಚ್ಚಿದರು. ಕೈಗಳು ಯಾರದೋ ಕೈಗಳ ಹಾಗೆ ಸೊರಗಿವೆ. ಎಡಗೈ ಮಡಚುತ್ತದೆ. ಬಲಗೈಯ ಆ ಎರಡು ಬೆರಳು ಮಡಚುವುದಿಲ್ಲ. ದಿನಾ ಚೆಂಡು ಹಿಸುಕಬೇಕಂತೆ. ಹಿಸುಕುತ್ತ ಕುಳಿತಿದ್ದ.

ಇತ್ತ ನನ್ನ ಯಂತ್ರ ಹಟ ಹಿಡಿದಿತ್ತು. ಇಂಗ್ಲಿಷಿನಲ್ಲಿ ಒಂದೇ ಮಾತು ಬರೆಯುತ್ತಿತ್ತು. ಅದರ ಅರ್ಥ ನನಗೆ ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು: ಜಾಗ ಮುಗಿಯಿತು. ಕತ್ತೆಯ ಕೋಣೆ ತೆಗೆದೆ. ಆಗಲಿಲ್ಲ. ಇಲಿಯ ಕೋಣೆ ತೆಗೆಯಲು ಮನಸ್ಸು ಬರಲಿಲ್ಲ. ಸಂಜೆಯವರೆಗೆ ಹಾಗೇ ಹೊಡೆದಾಡಿದೆ.

"ಏನಂತೆ ಅದಕ್ಕೆ?" ಅಣ್ಣ ಚೆಂಡು ನೋಡುತ್ತಲೇ ಕೇಳಿದ. ಅಮ್ಮ ಮನೆಯಲ್ಲಿ ಇರಲಿಲ್ಲ, ಹಾಗಾಗಿ ನನ್ನನ್ನೇ ಕೇಳಿದ್ದು.

"ಜಾಗ ಇಲ್ವಂತೆ."

ಸ್ವಲ್ಪ ಹೊತ್ತು ಚೆಂಡು ಹಿಸುಕಿದ. "ಲಾವತ್ತಿನ ಚಿತ್ರ ಎಷ್ಟು ಕಡೆ ಇಟ್ಟಿದ್ದೀಯ?"

"ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ. ಕೋಣೆಗೊಂದು."

"ಗೂಬೆ! ಮನೆಗೊಂದು ಸುತ್ತಿಗೆ ಸಾಕು. ಕೋಣೆಗೊಂದು ಸುತ್ತಿಗೆ ಇಡ್ತಾರಾ? ಒಂದೇ ಕಡೆ ಇಡು, ಬೇಕಾದಾಗ ಅದರ ನಂಬರ್ ಹೇಳಿ ಕರೆ. ಸರಿ ಆಚೆಗೆ, ಹೇಳ್ತೀನಿ."

ಹೇಳಿದ, ನಾನು ಒತ್ತಿದೆ. ಯಂತ್ರ ಬಾಯಿ ಮುಚ್ಚಿತು. ಕತ್ತೆ ವಾಪಸು ಬಂತು. ಇನ್ನೊಂದು ಕೋಣೆಗೂ ಜಾಗ ಉಳಿಯಿತು. ನಿನ್ನದನ್ನೂ ಈಗ ಮುಗಿಸೋಣ ಅಂದೆ.

"ನಂದು ಮುಂದಿನ ವರ್ಷ" ಅಂದ. "ಎರಡು ವಾರದಲ್ಲಿ ಆಗಲ್ಲ ಅದು." ಆಮೇಲೆ ತುಂಬ ಹೊತ್ತಿನ ಮೇಲೆ, "ಬಂಡಿ ಗುದ್ದುತ್ತಲ್ಲ, ಆ ಕೋಣೆ ದಾಟೋದು ಹೇಗೆ?"

"ಪ್ರದರ್ಶನಕ್ಕೆ ಬಂದು ಆಡಿ ನೋಡು."

ಜುಲೈ ೧೯, ಶನಿವಾರ

ಉಳಿದ ಜಾಗಕ್ಕೆ ಕೊನೆಯ ಕೋಣೆ ಕೂರಿಸಿದೆ. ಇದನ್ನು ಯಾರಿಗೂ ತೋರಿಸಿಲ್ಲ.

ಕೋಣೆಯಲ್ಲಿ ಏನೂ ಇಲ್ಲ. ನಾಲ್ಕು ಗೋಡೆ, ನಡುವೆ ಗಾಳಿಯಲ್ಲಿ 'ದಾರಿ ಇಲ್ಲ' ಎಂಬ ಎರಡು ಪದ. ಮೊಟ್ಟೆತಲೆ ಬಂದು ನಿಲ್ಲುವುದು 'ಇಲ್ಲ' ಎಂಬ ಪದದ ಲಾವತ್ತಿನ ಮೇಲೆ. ಹೊರಗೆ ಹೋಗಲು ಬಾಗಿಲಿಲ್ಲ. ತಳ್ಳಲು ಬೇರೆ ಒತ್ತಿಲ್ಲ.

ನಿಂತ ಒತ್ತನ್ನೇ ಒದೆಯಬೇಕು. ಇಲ್ಲ ಎಂಬುದು 'ಇಲ' ಆಗುತ್ತದೆ. ಅದು ಪದವಲ್ಲ, ಉದುರುತ್ತದೆ. ಮೊಟ್ಟೆತಲೆಯೂ ಬೀಳುತ್ತಾನೆ. ಮೇಲೆ 'ದಾರಿ' ಎಂಬುದು ಮಾತ್ರ ಉಳಿಯುತ್ತದೆ. ದಾರಿ ಉಳಿದ ಮೇಲೆ ನೆಲ ತೆರೆದುಕೊಳ್ಳಲೇಬೇಕಲ್ಲ. ತೆರೆದುಕೊಳ್ಳುತ್ತದೆ, ಅವನು ಹೊರಗೆ ಹೋಗುತ್ತಾನೆ.

ಅಲ್ಲಿವರೆಗಿನ ಕೋಣೆಗಳಲ್ಲೆಲ್ಲ ಪದ ಉದುರಿದರೆ ಸೋಲು. ಉದುರಿಸಬಾರದು ಎಂದು ಬೆರಳಿಗೆ ಅಭ್ಯಾಸವಾಗಿರುತ್ತದೆ. ಅದು ಮೋಸವೇ ಎಂದು ಎರಡು ದಿನ ಯೋಚಿಸಿದೆ. ಮೋಸವಲ್ಲ. ಪರದೆಯ ಮೇಲೆ ಎಲ್ಲ ಬರೆದೇ ಇದೆ.

ಜುಲೈ ೨೭, ಭಾನುವಾರ

ಸಭಾಂಗಣದ ತುಂಬ ಹಳೆಯ ಟಿವಿಗಳ ಬಿಸಿ ವಾಸನೆ, ಕ್ಯಾಸೆಟ್ಟುಗಳ ಕಿರಿಚಾಟ. ನನ್ನ ಮೂಲೆಯ ಮೇಜಿನಲ್ಲಿ ಆಟ ಮೊದಲ ಸಲ ಒಳಗೆ ಹೋಗಲಿಲ್ಲ. ಬಳಗದವರು ಕೊಟ್ಟ ಟೇಪ್ ರೆಕಾರ್ಡರಿನ ಧ್ವನಿ ಸಾಲುತ್ತಿರಲಿಲ್ಲ, ಜೊತೆಗೆ ಎಲ್ಲರೂ ಮೇಜಿಗೆ ಒರಗುತ್ತಿದ್ದರು. ಒರಗಬೇಡಿ, ಎರಡು ಹೆಜ್ಜೆ ಹಿಂದೆ ಹೋಗಿ ಅಂದೆ, ಧ್ವನಿ ಏರಿಸಿದೆ, ಆಟ ಒಳಗೆ ಹೋಯಿತು. ಕನ್ನಡಕ ಬಂದು "ಒತ್ತಲಾ?" ಎಂದು ಕೇಳಿ ತಮ್ಮ ಜೋಕಿಗೆ ತಾವೇ ನಕ್ಕು ಮೊದಲು ಕುಳಿತರು. ಬೆಣ್ಣೆಯಲ್ಲಿ ಜಾರಿ ಜಾರಿ ಸುಸ್ತಾದರು. ಬೆಣೆ ಬಡಿದಾಗ ಕುರ್ಚಿಯಿಂದ ಎದ್ದೇಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಸಾಲು ಬಾಗಿಲವರೆಗೆ ಇತ್ತು. ಬಳಗದವರು ನಕ್ಕರು ಎಂಬುದು ನಿಜ. ಅಣ್ಣ ಹೇಳಿದ ನಗು ಅದಲ್ಲ. ಮುಂದಿನ ಸಲ ಈ ಆಟಕ್ಕೆ ಇನ್ನಷ್ಟು ಒತ್ತು ಕೊಡಿ ಎಂದು ಒಬ್ಬರು ಗಂಭೀರವಾಗಿ ಹೇಳಿ ಹೋದರು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಕೊನೆಯ ಕೋಣೆಗೆ ಕೆಲವರು ಮುಟ್ಟಿದರು. ಯಾರೂ ದಾಟಲಿಲ್ಲ. ಎದ್ದು ಹೋಗಿ ಮತ್ತೆ ಸಾಲಿನ ಹಿಂದೆ ನಿಂತರು.

ಅಣ್ಣನೂ ಸಾಲಿನಲ್ಲೇ ಬಂದ. ಮುಂದೆ ಕರೆಯಲಿಲ್ಲ ನಾನು, ಅವನೂ ಕೇಳಲಿಲ್ಲ. ಎಡಗೈಯಲ್ಲೇ ಆಡಿದ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಬಳ್ಳಿ ಹಿಡಿದು ಏರಿದಾಗ ನನ್ನ ಕಡೆ ನೋಡಿದ. ಹೊಗಳಲಿಲ್ಲ, ತಲೆ ಕೆರೆದುಕೊಂಡ. ಅವನು ತಲೆ ಕೆರೆದುಕೊಂಡರೆ ಅದೇ ಹೊಗಳಿಕೆ.

ಕೊನೆಯ ಕೋಣೆಗೆ ಬಂದ. ದಾರಿ ಇಲ್ಲ. ಅಕ್ಕಪಕ್ಕ ಹಾರಿ ನೋಡಿದ, ತಲೆ ಬಡಿಸಿಕೊಂಡ, ಮತ್ತೆ ಬಂದು ಲಾವತ್ತಿನ ಮೇಲೆ ನಿಂತ. ಹಿಂದಿನವರು ಗೊಣಗತೊಡಗಿದರು.

"ಲೇ, ಒಂದು ಸುಳಿವು ಕೊಡು" ಅಂದ ಮೆತ್ತಗೆ.

"ಇಲ್ಲ" ಅಂದೆ.

"ಅಣ್ಣನಿಗೂ ಇಲ್ವಾ?"

"ಇಲ್ಲ."

ಅವನ ಹಿಂದೆ ನಿಂತಿದ್ದ ದಪ್ಪ ಚೀಲದ ಹೆಂಗಸು ಪರದೆ ನೋಡಿದರು, ನನ್ನನ್ನು ನೋಡಿದರು, ಕಿಸಕ್ಕನೆ ನಕ್ಕರು. "ಅಯ್ಯೋ ನಿನ್ನ! ಎರಡು ಸಲ ಹೇಳಿದಳಲ್ಲಪ್ಪ!"

"ಏನು ಹೇಳಿದಳು? ಇಲ್ಲ ಅಂದ—"

ಬಾಯಿ ಹಾಗೇ ತೆರೆದುಕೊಂಡು ನಿಂತಿತು. ತಲೆ ತಗ್ಗಿಸಿ ಮೊಟ್ಟೆತಲೆಯ ಕಾಲಡಿಯನ್ನು ನೋಡಿದ. ಎಡಗೈ ಬೆರಳು ಮೆಲ್ಲಗೆ ಒದೆಯುವ ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ.

"ಬಿದ್ರೆ?" ಅಂದ.

"ಬೀಳು" ಅಂದೆ.